ಎಲ್ಲ ಸರಿಯಾಗಿದೆ ಎಂದ ಸನ್ಯಾಸಿನಿಯರು

ಪ್ರೊಫೆಸರ್ ಯಾರನ್ನಾದರೂ ನೋಡಬೇಕೆಂದರೆ ಮುಖ ಆಚೆಗೆ ತಿರುಗಿಸಿಕೊಳ್ಳುತ್ತಿದ್ದರು. ಕೋಳಿ ನೆಲದ ಮೇಲಿನ ಕಾಳು ನೋಡುವಾಗ ಕತ್ತು ಓರೆ ಮಾಡುತ್ತದಲ್ಲ, ಹಾಗೆ. ಕಣ್ಣಿನ ನಡುಭಾಗ ಸವೆದುಹೋಗಿ, ನೇರವಾಗಿ ನೋಡಿದರೆ ಎದುರಿನವರ ಮುಖ ಇರಬೇಕಾದ ಜಾಗದಲ್ಲಿ ಬೂದು ಬಣ್ಣದ ಕಲೆಯೊಂದು ಕಾಣುತ್ತಿತ್ತಂತೆ. ಅಂಚಿನಲ್ಲಿ ಮಾತ್ರ ಒಂದಿಷ್ಟು ದೃಷ್ಟಿ ಉಳಿದಿತ್ತು. ಇದೆಲ್ಲ ನನಗೆ ಆಮೇಲೆ ಗೊತ್ತಾದದ್ದು. ಮೊದಲ ದಿನ ನಡೆದದ್ದು ಇಷ್ಟೇ: ಪರದೇಶದಲ್ಲಿ ನಾವು ಮನೆ ಮಾಡಿದ್ದ ಊರು ಕೆನ್ಮೋರಿನ ಬಸ್ ನಿಲ್ದಾಣದಲ್ಲಿ ಬಿಳಿಕೂದಲಿನ ಎತ್ತರದ ಮುದುಕಿಯೊಬ್ಬರು, ಬರುತ್ತಿರುವ ಬಸ್ಸಿನ ನಂಬರ್ ಎಷ್ಟು ಎಂದು ನನ್ನನ್ನು ಕೇಳಿದರು. ಕೇಳಿ, ನಾನು ಬಾಯಿ ತೆರೆಯುವಷ್ಟರಲ್ಲಿ ಮುಖ ತಿರುಗಿಸಿ ಸರೋವರದ ಕಡೆ ನೋಡತೊಡಗಿದರು. ಮೈಯೆಲ್ಲ ಉರಿದುಹೋಯಿತು. ಕೇಳೋದೂ ಇವರೇ, ಮುಖ ತಿರುಗಿಸೋದೂ ಇವರೇ, ಏನು ಕೊಬ್ಬಪ್ಪಾ ಎಂದು ಕನ್ನಡದಲ್ಲೇ ಗೊಣಗಿಕೊಂಡು ನಂಬರ್ ಹೇಳಿದೆ.

ಬಸ್ಸಿನಲ್ಲಿ ನನ್ನ ಪಕ್ಕಕ್ಕೇ ಬಂದು ಕೂತರು. ಚೀಲದಿಂದ ಒಂದು ಕಟ್ಟು ಹಾಳೆಯನ್ನೂ ಅಂಗೈಯಗಲದ ಭೂತಗನ್ನಡಿಯನ್ನೂ ತೆಗೆದರು. ಬಸ್ಸು ಕುಲುಕಿದಾಗಲೆಲ್ಲ ಗಾಜು ಸಾಲು ತಪ್ಪುತ್ತಿತ್ತು. ಅವರು ಮತ್ತೆ ಮೊದಲಿನಿಂದ ಹುಡುಕುತ್ತಿದ್ದರು. ನಾಲ್ಕು ಸ್ಟಾಪು ಸುಮ್ಮನೆ ನೋಡಿದೆ. ಆಗ ಅವರೇ, "ನಿನಗೆ ಓದೋಕೆ ಬರುತ್ತಾ?" ಎಂದರು.

ನನ್ನ ಉರಿ ಇನ್ನೂ ಆರಿರಲಿಲ್ಲ. "ಮೈಸೂರಲ್ಲಿ ಎಂ.ಎ. ಮಾಡಿದೀನಿ. ಹಿಸ್ಟರಿ," ಎಂದೆ, ಒಂದೊಂದು ಪದವನ್ನೂ ಕುಟ್ಟಿ ಕುಟ್ಟಿ.

"ಅಯ್ಯೋ, ಒಳ್ಳೇದೇ ಆಯ್ತು. ಹಾಗಾದರೆ ಗಟ್ಟಿಯಾಗಿ ಓದು," ಎಂದು ಆ ಕಟ್ಟನ್ನು ನನ್ನ ಮಡಿಲಲ್ಲಿಟ್ಟರು.

ಅವರು ಆಡುತ್ತಿದ್ದುದು ಇಂಗ್ಲಿಷೇ. ಇಷ್ಟು ವರ್ಷ ನನ್ನೊಳಗೆ ಇದ್ದು ಇದ್ದು ಆ ಮಾತುಗಳೆಲ್ಲ ಕನ್ನಡವಾಗಿಬಿಟ್ಟಿವೆ, ಹಾಗೇ ಬರೆಯುತ್ತಿದ್ದೇನೆ. ಅವತ್ತು ಓದಿದ ಪುಟದಲ್ಲಿ ಇದ್ದದ್ದು ಇಂಗ್ಲೆಂಡಿನ ಹಳೇ ಕಾಲದ ಬಿಷಪ್ಪನೊಬ್ಬ ಸನ್ಯಾಸಿನಿಯರ ಮಠವೊಂದಕ್ಕೆ ಮಾಡಿದ ತಾಕೀತು. ಪ್ರಾರ್ಥನೆಯ ಹೊತ್ತಿನಲ್ಲಿ ನಾಯಿಮರಿ, ಮೊಲ, ಹಕ್ಕಿಗಳನ್ನು ಮಡಿಲಲ್ಲಿಟ್ಟುಕೊಂಡು ಬರಕೂಡದು ಎಂದು. ತುಂಬಿದ ಬಸ್ಸಿನಲ್ಲಿ ನಾನು ಕಿಸಕ್ಕನೆ ನಕ್ಕುಬಿಟ್ಟೆ. ಅವರೂ ನಕ್ಕರು. ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ಇಳಿಯುವಾಗ, ನನ್ನ ಮನೆ ಎಲ್ಲಿ ಎಂದು ಕೇಳಿಕೊಂಡು, "ನಾಳೆ ಬೆಳಿಗ್ಗೆ ಬರ್ತೀಯಾ? ನಿಮ್ಮ ಅಪಾರ್ಟ್‌ಮೆಂಟಿನ ಹಿಂದಿನ ಹಸಿರು ಬಾಗಿಲಿನ ಮನೆ," ಎಂದರು. ಅಲ್ಲಿಗೆ ನನ್ನ ಹೊಸ ಜೀವನ ಶುರುವಾಯಿತು.

ಹೊಸ ಜೀವನ ಅಂದದ್ದು ಸುಮ್ಮನಲ್ಲ. ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷ ಆಗಿತ್ತು ಅಷ್ಟೇ. ಗಂಡ ಸಾಫ್ಟ್‌ವೇರ್ ಕೆಲಸಕ್ಕೆ ಹೋಗುತ್ತಿದ್ದರು. ನನ್ನ ವೀಸಾದಲ್ಲಿ ನಾನು ಕೆಲಸ ಮಾಡುವಂತಿರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಮನೆಗೆಲಸ ಮುಗಿದರೆ ಸಂಜೆಯವರೆಗೂ ಗೋಡೆ ನೋಡಬೇಕು. ಪರಿಚಯದವರೆಲ್ಲ ಇದ್ದದ್ದು ಸಮಾಮಿಶ್ ಎಂಬ ದೂರದ ಊರಿನಲ್ಲಿ, ಕಾರಿಲ್ಲದೆ ಅಲ್ಲಿಗೆ ಹೋಗುವ ಮಾತೇ ಇಲ್ಲ. ಗಂಡನ ಜೊತೆ ಹೋಗುತ್ತಿದ್ದ, ಒಬ್ಬೊಬ್ಬರು ಒಂದೊಂದು ಅಡುಗೆ ತರುವ ಶನಿವಾರದ ಪಾಟ್‌ಲಕ್ ಊಟಗಳಲ್ಲಿ ಯಾರಾದರೂ "ನೀವ್ ಏನ್ ಮಾಡ್ಕೊಂಡಿದೀರಿ?" ಎಂದು ಕೇಳಿದರೆ ಪಲಾವಿನ ತಟ್ಟೆಯಲ್ಲಿ ಬಟಾಣಿ ಹುಡುಕುತ್ತಾ ನಿಲ್ಲುತ್ತಿದ್ದೆ.

ಪ್ರೊಫೆಸರ್ ಆಗಲೇ ಕೆಲಸದಿಂದ ನಿವೃತ್ತರಾಗಿದ್ದರು. ಮದುವೆಯಾಗಿರಲಿಲ್ಲ. ಅವರಿಗೆ ಇದ್ದದ್ದು ಒಂದೇ ಹಂಬಲ: ಇಂಗ್ಲೆಂಡಿನ, ಯಾರಿಗೂ ಬೇಡವಾದ ಒಂದು ಪುಟ್ಟ ಮಠದ ಚರಿತ್ರೆಯನ್ನು ಬರೆದು ಮುಗಿಸಬೇಕು, ಕಣ್ಣು ಪೂರ್ತಿ ಹೋಗುವುದರೊಳಗೆ. ಹರೆಯದಿಂದಲೂ ಅದೇ ಕೆಲಸ. ಸಂತ ಬೆನೆಡಿಕ್ಟನ ನಿಯಮದಂತೆ ಬದುಕುತ್ತಿದ್ದ, ಕಪ್ಪು ಬಟ್ಟೆಯ ಹತ್ತು ಹನ್ನೆರಡು ಹೆಂಗಸರ ಮಠ. ನಡುರಾತ್ರಿಯಲ್ಲೂ ಎದ್ದು ಪ್ರಾರ್ಥನೆ, ಊಟದಲ್ಲಿ ಮೌನ, ಮಿಕ್ಕ ಹೊತ್ತಿನಲ್ಲಿ ಕೈತೋಟ, ಹೊಲಿಗೆ, ಓದು. ಮುಂದೆ ರಾಜನೊಬ್ಬ ದೇಶದ ಮಠಗಳನ್ನೆಲ್ಲ ಮುಚ್ಚಿಸಿದ. ಸುತ್ತಲಿನ ರೈತರು ಅದರ ಕಲ್ಲುಗಳನ್ನು ಕೊಟ್ಟಿಗೆ ಕಟ್ಟಲು ಹೊತ್ತುಕೊಂಡು ಹೋದರು. ಈಗ ಅಲ್ಲಿ ಕುರಿ ಮೇಯುತ್ತವಂತೆ. ಪ್ರೊಫೆಸರ್ ವಯಸ್ಸಿನಲ್ಲಿದ್ದಾಗ ಒಮ್ಮೆ ಆ ಬಯಲಿಗೆ ಹೋಗಿ, ನೆಲದಲ್ಲಿ ಎಲ್ಲಿ ಗೋಡೆಯಿತ್ತು ಎಂದು ಕಾಲಲ್ಲಿ ತಡವಿ ನೋಡಿಕೊಂಡು ಬಂದಿದ್ದರು.

"ನಮ್ಮ ಹುಡುಗಿಯರು" ಎನ್ನುತ್ತಿದ್ದರು ಅವರನ್ನು. ಸತ್ತು ಐದು ನೂರು ವರ್ಷದ ಮೇಲಾದವರನ್ನು ಪಕ್ಕದ ಬೀದಿಯವರ ಹಾಗೆ ಮಾತಾಡಿಸುವುದು. "ಈ ಸಲ ನಮ್ಮ ಹುಡುಗಿಯರಿಗೆ ಒಳ್ಳೇ ಬೀನ್ಸ್ ಬಂದಿದೆ ನೋಡು," ಎಂದು ಯಾವುದೋ ಹಳೇ ಲೆಕ್ಕದ ನಕಲನ್ನು ಕಿಟಕಿಗೆ ಹಿಡಿದು, ಕತ್ತು ಓರೆ ಮಾಡಿ ಸಂಭ್ರಮಪಡುವರು. ದೇವರನ್ನು ನಂಬುತ್ತಿರಲಿಲ್ಲ. ಆದರೂ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳಲ್ಲಿ ಸಕ್ಕರೆ, ಬೆಣ್ಣೆ, ಮಾಂಸ ಮುಟ್ಟುತ್ತಿರಲಿಲ್ಲ. ಯಾಕೆ ಎಂದರೆ, "ಅವರೆಲ್ಲ ಮಾಡ್ತಿದ್ದಾಗ ನಾನೊಬ್ಬಳೇ ತಿನ್ನೋದು ಹೇಗೆ?" ಎನ್ನುವರು. ಇದು ದೇವರಿಲ್ಲದ ಏಕಾದಶಿ ಎಂದು ನಾನು ರೇಗಿಸುತ್ತಿದ್ದೆ. ಆ ವಾರಗಳಲ್ಲಿ ನಮ್ಮ ಮನೆಯ ಹುರುಳಿಕಾಳಿನ ಸಾರು ಅವರಿಗೆ ಪಂಚಪ್ರಾಣ. ಬಟ್ಟಲು ಎತ್ತಿ ಸೊರ್ರೆಂದು ಕುಡಿಯುತ್ತಿದ್ದರು, ಯಾವ ನಾಚಿಕೆಯೂ ಇಲ್ಲದೆ.

ಓದಿಸುವುದಕ್ಕೆ ಅವರದೊಂದು ಕಟ್ಟಳೆಯಿತ್ತು. ಒಂದು ಪುಟ ಓದಿದ ಮೇಲೆ ನಾನು ಒಂದು ಪ್ರಶ್ನೆ ಕೇಳಲೇಬೇಕು. ಪ್ರಶ್ನೆ ಹುಟ್ಟಲಿಲ್ಲ ಎಂದರೆ ಆ ಪುಟವನ್ನು ಓದಿಯೇ ಇಲ್ಲ ಎಂದು ಲೆಕ್ಕ, ಮತ್ತೆ ಮೊದಲಿನಿಂದ. ಮೈಸೂರಿನಲ್ಲಿ ಪ್ರಶ್ನೆ ಕೇಳುವುದು ಮೇಷ್ಟರ ಕೆಲಸವಾಗಿತ್ತು, ನಮ್ಮದೇನಿದ್ದರೂ ಉರುಹೊಡೆದ ಉತ್ತರ. ನಾನು ಸಿಟ್ಟಿನಿಂದಲೇ ಒಂದು ದಿನ, ಇವರ ಬಾಯಿ ಮುಚ್ಚಿಸೋಣ ಎಂದು, "ಮುಟ್ಟಾದಾಗ ಈ ಸನ್ಯಾಸಿನಿಯರು ದೇವರ ಹತ್ತಿರ ಹೋಗ್ತಿದ್ದರಾ?" ಎಂದುಬಿಟ್ಟೆ.

ಪ್ರೊಫೆಸರ್ ಚಪ್ಪಾಳೆ ಹೊಡೆದರು! "ಇಷ್ಟು ವರ್ಷ ಪಾಠ ಮಾಡಿದೆ, ಒಬ್ಬಳೂ ಕೇಳಲಿಲ್ಲ!" ಎಂದು ಎದ್ದು ಹೋಗಿ ಎಲ್ಲಿಂದಲೋ ಪುಸ್ತಕ ಹುಡುಕಿ ತಂದರು. ಅಂಥ ದಿನಗಳಲ್ಲೂ ಚರ್ಚಿನೊಳಗೆ ಬರುವುದನ್ನು ತಡೆಯಬಾರದು ಎಂದು ಹಿಂದೆ ಒಬ್ಬ ಪೋಪು ಹೇಳಿದ್ದನಂತೆ. ಆ ವಾರ ಫೋನಿನಲ್ಲಿ ಅಮ್ಮನಿಗೆ ಇದನ್ನು ಹೇಳಿದಾಗ ಅವಳು, "ನಮಗಿಂತ ವಾಸಿ ಕಣೆ ಅವ್ರು," ಎಂದಳು.

ಗಂಡನಿಗೂ ಇದೆಲ್ಲ ತಮಾಷೆ. ಆಫೀಸಿನಿಂದ ಬಂದು ಶೂ ಬಿಚ್ಚುತ್ತಲೇ, "ಏನಂತಾರೆ ನಿನ್ ಸನ್ಯಾಸಿನೀರು ಇವತ್ತು? ಮಠಗಿಠ ಸೇರ್ಕೊಂಡ್ಬಿಡ್ಬೇಡ ತಾಯಿ, ನಂಗ್ ಅನ್ನ ಮಾಡೋಕ್ ಬರಲ್ಲ," ಎನ್ನುವರು. ಹಾಗೆ ರೇಗಿಸಿದರೂ, ನನ್ನ ಮುಖಕ್ಕೆ ಕಳೆ ಬಂದದ್ದನ್ನು ಕಂಡು ಅವರಿಗೆ ಎಷ್ಟು ಸಮಾಧಾನವಾಗಿತ್ತು ಎಂದು ನನಗೆ ಗೊತ್ತಿತ್ತು.

ಪುಸ್ತಕ ಮುಗಿಯುತ್ತಾ ಬಂದಿತ್ತು. ಅದರ ಕಿರೀಟ ಎಂದರೆ ಬಿಷಪ್ಪನ ತನಿಖೆಯ ಅಧ್ಯಾಯ. ಆ ಕಾಲದಲ್ಲಿ ಬಿಷಪ್ಪನಾದವನು ಕೆಲವು ವರ್ಷಗಳಿಗೊಮ್ಮೆ ಕುದುರೆಯೇರಿ ಮಠಕ್ಕೆ ಬರುತ್ತಿದ್ದ. ಒಂದು ಕೋಣೆಯಲ್ಲಿ ಕೂತು, ಮಠದ ಹಿರಿಯಾಕೆಯಿಂದ ಹಿಡಿದು ಅತಿ ಕಿರಿಯಳವರೆಗೆ ಒಬ್ಬೊಬ್ಬರನ್ನೇ ಒಳಗೆ ಕರೆದು, ನಿಮ್ಮ ಕಷ್ಟವೇನು, ದೂರೇನು ಎಂದು ಕೇಳುತ್ತಿದ್ದ. ಗುಮಾಸ್ತ ಬರೆದುಕೊಳ್ಳುತ್ತಿದ್ದ. ಬೇರೆ ಮಠಗಳಲ್ಲಿ ದೂರಿನ ಸುರಿಮಳೆ: ಸೂರು ಸೋರುತ್ತದೆ, ಬಿಯರು ನೀರಾಗಿದೆ, ಹಿರಿಯಾಕೆ ರೇಷ್ಮೆ ಉಡುತ್ತಾಳೆ, ಇಂಥವಳು ರಾತ್ರಿ ಪ್ರಾರ್ಥನೆಗೆ ಏಳುವುದೇ ಇಲ್ಲ. ನಮ್ಮ ಮಠದಲ್ಲಿ ಮಾತ್ರ, ದಾಖಲೆ ಉಳಿದಿರುವ ಕೊನೆಯ ತನಿಖೆಯಲ್ಲಿ, ಅಷ್ಟೂ ಜನ ಒಂದೇ ಮಾತು ಹೇಳಿದ್ದರು. ಎಲ್ಲ ಸರಿಯಾಗಿದೆ.

ಈ ಒಂದು ಮಾತಿನ ಮೇಲೆ ವಿದ್ವಾಂಸರು ವರ್ಷಗಟ್ಟಲೆ ಕಿತ್ತಾಡಿದ್ದರು. ಹಿರಿಯಾಕೆ ಹೆದರಿಸಿ ಹಾಗೆ ಹೇಳಿಸಿದ್ದಾಳೆ ಎಂದು ಒಂದು ಪಕ್ಷ. ಇಲ್ಲ, ಅದು ನಿಜಕ್ಕೂ ನೆಮ್ಮದಿಯ ಮಠವಾಗಿತ್ತು ಎಂದು ನಮ್ಮ ಪ್ರೊಫೆಸರ್. "ಸುಖವಾಗಿದ್ದ ಹೆಂಗಸರನ್ನ ಕಂಡರೆ ಈ ಗಂಡಸರಿಗೆ ನಂಬಿಕೆ ಬರಲ್ಲ," ಎಂದು ಮೂಗು ಮುರಿಯುತ್ತಿದ್ದರು. ಜೀವಮಾನವೆಲ್ಲ ಇದನ್ನೇ ಸಾಧಿಸುತ್ತ ಬಂದಿದ್ದರು. ಪ್ರಕಾಶಕರು ಒಪ್ಪಿಯೂ ಆಗಿತ್ತು. ಇನ್ನೊಂದು ಸಲ ಮೊದಲಿನಿಂದ ಓದಿ ಕಳಿಸಿಬಿಡುವುದಷ್ಟೇ ಬಾಕಿ.

ಆಗ ನಾನು ಒಂದಿಷ್ಟು ದಿನ ಅವರ ಮನೆಗೆ ಹೋಗಲಿಲ್ಲ. ಬಸಿರಾಗಿದ್ದೆ, ಅದು ನಿಲ್ಲಲಿಲ್ಲ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎಂದು ನಮ್ಮಲ್ಲಿ ಇದೆಯಲ್ಲ, ಹಾಗಾಗಿ ಅಮ್ಮನಿಗೂ ಹೇಳಿರಲಿಲ್ಲ. ಬಂದದ್ದನ್ನೇ ಹೇಳದ ಮೇಲೆ ಹೋದದ್ದನ್ನು ಹೇಗೆ ಹೇಳುವುದು? ಗಂಡ ಪಾಪ ರಜೆ ಹಾಕಿ ಪಕ್ಕದಲ್ಲೇ ಕೂತಿದ್ದರು, ಆಮೇಲೆ ಕೆಲಸಕ್ಕೆ ಹೋಗಲೇಬೇಕಾಯಿತು. ಮನೆಯ ಗೋಡೆಗಳು ಮೈಮೇಲೆ ಬಂದಂತಾಗಿ ಒಂದು ಬೆಳಿಗ್ಗೆ ಎದ್ದು ಪ್ರೊಫೆಸರ್ ಮನೆಗೆ ಹೋದೆ. ಜ್ವರ ಬಂದಿತ್ತು ಎಂದೆ. ಅವರು ಏನೂ ಕೇಳಲಿಲ್ಲ.

ಅವತ್ತು ಅಮ್ಮನಿಗೆ ಫೋನ್ ಮಾಡುವ ದಿನ. ತಡವಾದರೆ ಅವಳು ಮಲಗಿಬಿಡುತ್ತಾಳೆ ಎಂದು ಅವರ ಅಡುಗೆಮನೆಗೆ ಹೋಗಿ, ಮೊದಲೇ ದುಡ್ಡು ಕೊಟ್ಟು ಕೊಂಡಿದ್ದ ಕಾಲಿಂಗ್ ಕಾರ್ಡಿನ ಉದ್ದನೆಯ ನಂಬರ್ ಒತ್ತಿದೆ.

"ಊಟ ಆಯ್ತೇನೆ?"

"ಇನ್ನೂ ಬೆಳಿಗ್ಗೆ ಅಮ್ಮ ಇಲ್ಲಿ. ನಾನ್ ಚೆನ್ನಾಗಿದೀನಿ."

"ಯಾಕೆ ದನಿ ಒಂಥರಾ ಇದೆ?"

"ಶೀತ ಅಷ್ಟೇ. ಚೆನ್ನಾಗಿದೀನಿ ಅಮ್ಮ."

"ಅಳಿಯಂದ್ರು?"

"ಅವ್ರೂ ಚೆನ್ನಾಗಿದಾರೆ. ಎಲ್ಲಾ ಚೆನ್ನಾಗಿದೆ. ನೀನು?"

"ನಂಗೇನಾಗಿದೆ, ಚೆನ್ನಾಗಿದೀನಿ. ಎಲ್ಲಾ ಚೆನ್ನಾಗಿದೆ."

ಫೋನಿಟ್ಟು ಮುಖ ತೊಳೆದುಕೊಂಡು ಈಚೆ ಬಂದೆ. ಪ್ರೊಫೆಸರ್ ಮೇಜಿನ ಮುಂದೆ ಕೈ ಕಟ್ಟಿಕೊಂಡು ಕೂತಿದ್ದರು. "ನಿನ್ನ ಭಾಷೆ ನನಗೆ ಗೊತ್ತಿಲ್ಲ. ಆದರೆ ಒಂದೇ ಮಾತನ್ನ ಎಷ್ಟೊಂದು ಸಲ ಹೇಳಿದೆ. ಏನದು?" ಎಂದರು.

"ಎಲ್ಲ ಸರಿಯಾಗಿದೆ ಅಂತ," ಎಂದೆ.

ಅವರು ಕತ್ತು ಓರೆ ಮಾಡಿ, ಮುಖ ಆಚೆಗೆ ತಿರುಗಿಸಿ, ನನ್ನನ್ನು ಬಹಳ ಹೊತ್ತು ನೋಡಿದರು. "ಸರಿಯಾಗಿದೆಯಾ ಮಗು?" ಎಂದರು.

ಆ ಎರಡನೆಯ ಸಲದ ಪ್ರಶ್ನೆಯನ್ನು ನಾನು ತಡೆಯಲಾರದೆ ಹೋದೆ. ಚೆನ್ನಾಗಿದೀಯಾ ಎಂದು ಕೇಳಿದವರು ಎಷ್ಟೋ ಜನ, ಉತ್ತರ ಕೊಟ್ಟ ಮೇಲೂ ಕೇಳಿದವರು ಅವರೊಬ್ಬರೇ. ನೆಲದ ಮೇಲೆ ಕೂತು, ಅವರ ಮಡಿಲಿಗೆ ತಲೆಯಿಟ್ಟು ಹೋ ಎಂದು ಅತ್ತೆ. ಇಂಗ್ಲಿಷಿನಲ್ಲಿ ಅರ್ಧ, ಕನ್ನಡದಲ್ಲಿ ಅರ್ಧ ಏನೇನೋ ಹೇಳಿದೆ. ಅವರು ಸಮಾಧಾನದ ಮಾತು ಒಂದನ್ನೂ ಆಡಲಿಲ್ಲ. ಇನ್ನೊಂದು ಆಗುತ್ತೆ ಬಿಡು ಎನ್ನಲಿಲ್ಲ. ಕೂದಲಲ್ಲಿ ಕೈಯಾಡಿಸುತ್ತಾ ಕೂತಿದ್ದು, ಕೊನೆಗೆ, "ಹೆಸರು ಏನಾದರೂ ಯೋಚಿಸಿದ್ದೆಯಾ?" ಎಂದು ಕೇಳಿದರು. ಯೋಚಿಸಿದ್ದೆ. ಹೇಳಿದೆ. ಆ ಹೆಸರನ್ನು ಅವರು ತಪ್ಪಿಲ್ಲದೆ ಉಚ್ಚರಿಸುವವರೆಗೆ ಎರಡು ಮೂರು ಸಲ ಹೇಳಿಸಿಕೊಂಡರು.

ಅವತ್ತು ಪುಸ್ತಕದ ಸುದ್ದಿ ಎತ್ತಲಿಲ್ಲ. ಅದಕ್ಕೂ ನಾನು ಅವರಿಗೆ ಋಣಿ. ಮುಂದಿನ ವಾರ, ನಾನು ಚಹಾ ಮಾಡಿಕೊಟ್ಟ ಮೇಲೆ, "ಒಂದು ಮಾತು ಕೇಳಲಾ? ಬೇಡ ಅಂದರೆ ಕೇಳಲ್ಲ," ಎಂದರು.

"ಕೇಳಿ."

"ಅಮ್ಮನಿಗೆ ಹೆದರಿ ಹಾಗೆ ಹೇಳಿದೆಯಾ?"

"ಅಯ್ಯೋ, ಅಮ್ಮನಿಗೆ ಯಾಕೆ ಹೆದರಲಿ?"

"ಹಾಗಾದರೆ?"

ನನಗೆ ರೇಗಿತು. ಇದನ್ನೂ ಬಿಡಿಸಿ ಹೇಳಬೇಕೇ? "ಅವಳು ಅಷ್ಟು ದೂರದಲ್ಲಿ ಕೂತು ಏನ್ ಮಾಡ್ತಾಳೆ? ಅಳ್ತಾಳೆ. ರಾತ್ರಿಯೆಲ್ಲ ನಿದ್ದೆ ಇಲ್ಲದೆ ಒದ್ದಾಡ್ತಾಳೆ. ಅವಳೊಬ್ಬಳಾದರೂ ನೆಮ್ಮದಿಯಾಗಿರಲಿ ಅಂತ ಹೇಳಿದೆ," ಎಂದೆ.

ಪ್ರೊಫೆಸರ್ ಚಹಾದ ಬಟ್ಟಲು ಕೆಳಗಿಟ್ಟರು. "ಹೆದರಿಕೆಯೂ ಅಲ್ಲ, ಸುಖವೂ ಅಲ್ಲ," ಎಂದು ತಮಗೆ ತಾವೇ ಹೇಳಿಕೊಂಡರು. ಎದ್ದು, ಕುರ್ಚಿಯ ಬೆನ್ನು ಹಿಡಿದುಕೊಂಡು ಒಂದು ಸುತ್ತು ಬಂದರು. ಆಮೇಲೆ ತನಿಖೆಯ ಅಧ್ಯಾಯದ ಒಂದು ಅಡಿಟಿಪ್ಪಣಿ ಓದು ಎಂದರು. ಅದನ್ನು ನಾನು ಹಿಂದೆಯೂ ಓದಿದ್ದೆ. ಎರಡು ತನಿಖೆಗಳ ನಡುವಿನ ವರ್ಷಗಳಲ್ಲಿ ಆ ಸೀಮೆಯಲ್ಲಿ ಪಿಡುಗು ಬಂದಿತ್ತು. ಹಿಂದಿನ ತನಿಖೆಯಲ್ಲಿದ್ದ ಕೆಲವು ಹೆಸರುಗಳು ಮುಂದಿನದರಲ್ಲಿ ಇಲ್ಲ. ಅದರಲ್ಲಿ ಒಂದು, ಮಠದ ಅತಿ ಕಿರಿಯಳ ಒಡಹುಟ್ಟಿದ ಅಕ್ಕನದು. ಹಿಂದಿನ ಸಲ ಇಬ್ಬರ ಹೆಸರೂ ಒಂದರ ಕೆಳಗೊಂದು ಇದ್ದವು.

ನಾನು ಓದಿ ನಿಲ್ಲಿಸಿದೆ.

"ಅಕ್ಕ ಸತ್ತಿದ್ದಾಳೆ," ಎಂದರು ಪ್ರೊಫೆಸರ್. "ಬಿಷಪ್ ಕೇಳ್ತಾನೆ, ಈ ಮಗು ಎಲ್ಲ ಸರಿಯಾಗಿದೆ ಅನ್ನುತ್ತೆ. ನಾನು ಅದನ್ನ ಪುಟದ ಅಡಿಯಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿದ್ದೀನಿ. ನನಗೂ ಅಷ್ಟೂ ಜನ ಎಲ್ಲ ಸರಿ ಅಂದರು. ನಾನೂ ಬಿಷಪ್ಪನ ಹಾಗೇ ನಂಬಿ, ಕುದುರೆ ಹತ್ತಿ ಹೊರಟುಬಿಟ್ಟೆ."

ಆ ಅಧ್ಯಾಯವನ್ನು ಪೂರ್ತಿ ಹೊಸದಾಗಿ ಬರೆಯಬೇಕು ಎಂದು ಅಲ್ಲೇ ತೀರ್ಮಾನಿಸಿದರು. ಆ ಹೊತ್ತಿಗೆ ಅವರ ಹೃದಯವೂ ಸೋಲತೊಡಗಿತ್ತು. ಸಂಜೆಯಾದರೆ ಪಾದ ಊದಿಕೊಳ್ಳುತ್ತಿತ್ತು, ನಾಲ್ಕು ಹೆಜ್ಜೆಗೆ ಏದುಸಿರು. ಡಾಕ್ಟರು ಹೆಚ್ಚು ಸಮಯವಿಲ್ಲ ಎಂದು ಹೇಳಿಯಾಗಿತ್ತು. ಪುಸ್ತಕ ಕೈಯಲ್ಲಿ ಹಿಡಿಯುವ ಆಸೆಗೇ ಅವರು ಜೀವ ಹಿಡಿದುಕೊಂಡಿದ್ದರು ಎಂದು ನನಗೆ ಗೊತ್ತು. ನಾನು ಜಗಳಕ್ಕೇ ನಿಂತೆ. "ಇದ್ದ ಹಾಗೇ ಕಳಿಸಿಬಿಡಿ. ಚೆನ್ನಾಗಿಯೇ ಇದೆ. ಯಾರಿಗೆ ಗೊತ್ತಾಗುತ್ತೆ?"

"ನನಗೆ ಗೊತ್ತಾಗುತ್ತಲ್ಲ."

"ಮುಗಿಯದೇ ಹೋದರೆ?"

"ಮುಗಿಯದೇ ಹೋದರೆ ಮುಗಿಯಲಿಲ್ಲ. ಸುಳ್ಳು ಪುಸ್ತಕ ಹಿಡಿದುಕೊಂಡು ನಾನು ಏನು ಮಾಡಲಿ?" ಎಂದರು. ಸಿಟ್ಟಿನಲ್ಲಿ ನಾನು ಬಾಗಿಲು ದಡಾರನೆ ಹಾಕಿಕೊಂಡು ಮನೆಗೆ ಬಂದೆ. ಮಾರನೆಯ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದುಕೊಂಡು ವಾಪಸು ಹೋದೆ, ಇನ್ನೇನು ಮಾಡಲಿ.

ಆ ಚಳಿಗಾಲವೆಲ್ಲ ಅವರು ಹೇಳುವುದು, ನಾನು ಟೈಪ್ ಮಾಡುವುದು. ಹೊರಗೆ ಎಡೆಬಿಡದ ಜಿನುಗು, ಆಗೊಮ್ಮೆ ಈಗೊಮ್ಮೆ ನೀರಿನ ಮೇಲಿಳಿಯುವ ಪುಟ್ಟ ವಿಮಾನದ ಗುರ್ರೆನ್ನುವ ಸದ್ದು. ಮೂಗಿಗೆ ಆಮ್ಲಜನಕದ ನಳಿಕೆ ಬಂತು. ಒಂದು ವಾಕ್ಯ ಹೇಳಿ, ಉಸಿರು ಎಳೆದುಕೊಂಡು, ಅದನ್ನೇ ಮತ್ತೆ ಓದಿಸಿ, "ಅಲ್ಲ, ಅಳಿಸು," ಎನ್ನುವರು. ಕೆಲವು ಬೆಳಿಗ್ಗೆ ಒಂದು ಪ್ಯಾರಾ ಆದರೆ ಹಬ್ಬ. ನನಗೆ ಒಳಗೊಳಗೇ ದಿಗಿಲು. ಪ್ರತಿದಿನ ಹಸಿರು ಬಾಗಿಲು ತಳ್ಳುವಾಗ, ದೇವರೇ ಇವತ್ತು ಇರಲಪ್ಪ ಎಂದುಕೊಂಡೇ ತಳ್ಳುತ್ತಿದ್ದೆ.

ಅಮ್ಮನಿಗೆ ಹೇಳು ಎಂದು ಪ್ರೊಫೆಸರ್ ಒಂದು ದಿನವೂ ನನಗೆ ಹೇಳಲಿಲ್ಲ. ಆ ಕಿರಿಯ ಸನ್ಯಾಸಿನಿಯ ಬಗ್ಗೆ ಮತ್ತೆ ಮತ್ತೆ ಟೈಪ್ ಮಾಡಿ ಮಾಡಿ ನನಗೇ ತಡೆಯದಾಯಿತು. ಒಂದು ಶನಿವಾರ ಅಮ್ಮ ಎಂದಿನಂತೆ ಕೇಳಿದಾಗ, "ಇಲ್ಲಮ್ಮ, ಚೆನ್ನಾಗಿರ್ಲಿಲ್ಲ," ಎಂದು ಎಲ್ಲವನ್ನೂ ಹೇಳಿಬಿಟ್ಟೆ. ಆ ಕಡೆ ಸದ್ದೇ ಇಲ್ಲ. ಲೈನ್ ಕಟ್ಟಾಯಿತೇನೋ ಎಂದು ಹಲೋ ಹಲೋ ಎಂದೆ.

"ಇದೀನಿ ಕಣೆ," ಎಂದಳು. ಮೂಗು ಒರೆಸಿಕೊಂಡದ್ದು ಕೇಳಿಸಿತು. "ನಿನಗಿಂತ ಮುಂಚೆ ನಂಗೂ ಒಂದು ಹೋಗಿತ್ತು. ನಮ್ಮಮ್ಮನಿಗೂ ಹೇಳಿರ್ಲಿಲ್ಲ ನಾನು. ಅವಳಿಗೆ ಯಾಕೆ ಸಂಕಟ ಅಂತ." ಆಮೇಲೆ ಕಾರ್ಡಿನ ನಿಮಿಷಗಳು ಮುಗಿಯುವವರೆಗೂ ಇಬ್ಬರೂ ಮಾತಾಡಿದೆವು. ಅಷ್ಟು ವರ್ಷಗಳಲ್ಲಿ ಅಮ್ಮ ನನ್ನ ಜೊತೆ ಹಾಗೆ ಮಾತಾಡಿರಲೇ ಇಲ್ಲ. ಅವಳು ಅತ್ತಳು, ನಿದ್ದೆಗೆಟ್ಟಳು, ನಿಜ. ಮಾರನೆಯ ದಿನ ಅವಳೇ ಫೋನ್ ಮಾಡಿ, ರಾತ್ರಿ ಮಲಗಿದ್ಯಾ ಎಂದು ಕೇಳಿದಳು.

ಇದನ್ನು ಪ್ರೊಫೆಸರಿಗೆ ಹೇಳಿದೆ. ನನ್ನ ಕೈ ಹುಡುಕಿ ಹಿಡಿದುಕೊಂಡರು. ಅವರ ಕೈ ತಣ್ಣಗಿತ್ತು.

ಅಧ್ಯಾಯದ ಕೊನೆಯ ಸಾಲು ಹೇಳಿದ ವಾರದಲ್ಲೇ ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಮನೆಗೆ ಮರಳುವ ಮಾತಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು, ಅವರಿಗೂ. ಬೇರೆ ರಾಜ್ಯದಿಂದ ಅವರ ತಮ್ಮನ ಮಗಳು ಬಂದಿದ್ದಳು, ಒಳ್ಳೆಯ ಹುಡುಗಿ. ನನ್ನನ್ನು ಹೊರಗೆ ಕರೆದು, "ಪುಸ್ತಕ ಮುಗಿದಿದೆ, ಚೆನ್ನಾಗಿ ಬಂದಿದೆ ಅಂತ ಹೇಳಿಬಿಡಿ. ಆಂಟಿಗೆ ನೆಮ್ಮದಿಯಾಗುತ್ತೆ," ಎಂದಳು. ಹೂಂ ಎಂದು ಒಳಗೆ ಹೋದೆ.

ಪ್ರೊಫೆಸರ್ ದಿಂಬಿಗೆ ಒರಗಿದ್ದರು. ಅಂಚಿನ ದೃಷ್ಟಿಯೂ ಆಗ ಹೋಗಿತ್ತು, ಕತ್ತು ಓರೆ ಮಾಡುವುದನ್ನು ಬಿಟ್ಟಿದ್ದರು. ಮೊದಲ ಸಲ ಅವರ ಮುಖ ನೇರವಾಗಿ ನನ್ನ ಕಡೆಗಿತ್ತು, ಅವರಿಗೆ ಅದು ಗೊತ್ತಿರಲಿಲ್ಲ. ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ನಡುನಡುವೆ ನಿದ್ದೆ ಹೋದರೇನೋ ಎಂದು ನಿಲ್ಲಿಸಿದರೆ ಬೆರಳಾಡಿಸಿ, ಮುಂದೆ ಓದು ಎನ್ನುತ್ತಿದ್ದರು. ಮುಗಿದ ಮೇಲೆ ಕೇಳಿದರು.

"ಹೇಗಿದೆ?"

ಚೆನ್ನಾಗಿದೆ ಎನ್ನುವ ಮಾತು ನಾಲಗೆಯ ತುದಿಗೆ ಬಂದಿತ್ತು. ಅಂದಿದ್ದರೆ ಅವರು ನೆಮ್ಮದಿಯಾಗಿ ಕಣ್ಣು ಮುಚ್ಚುತ್ತಿದ್ದರು. ಸಾಯುತ್ತಿರುವ ಜೀವಕ್ಕೆ ಅದಕ್ಕಿಂತ ಹೆಚ್ಚು ಕೊಡಬೇಕಾದ್ದೇನಿದೆ ಎಂದು ಯಾರಾದರೂ ಹೇಳುತ್ತಾರೆ. ಆದರೆ ನನ್ನನ್ನು ಹಾಗೆ ಉತ್ತರ ಕೊಡದ ಹಾಗೆ ಮಾಡಿದವರು ಅವರೇ ಅಲ್ಲವೇ?

"ಆ ಕಿರಿಯಳ ಪ್ಯಾರಾ ಸರಿಯಾಗಿಲ್ಲ," ಎಂದೆ. "ಅವಳು ಎಷ್ಟು ಅತ್ತಿರಬೇಕು, ಅಕ್ಕನ ಖಾಲಿ ಹಾಸಿಗೆ ನೋಡಿ ಏನಂದುಕೊಂಡಿರಬೇಕು ಅಂತೆಲ್ಲ ಬರೆದಿದ್ದೀರಿ. ಅವಳು ಹೇಳಿದ್ದು ಒಂದೇ ಮಾತು. ಅವಳ ಬಾಯಲ್ಲಿ ನೀವು ಮಾತು ತುರುಕಿದ್ದೀರಿ. ಅದು ಅವಳಲ್ಲ. ನಾನು."

ಬಾಗಿಲಲ್ಲಿ ನಿಂತಿದ್ದ ತಮ್ಮನ ಮಗಳು ಹೌಹಾರಿ ನನ್ನನ್ನು ನೋಡಿದಳು. ಪ್ರೊಫೆಸರ್ ಮುಖದಲ್ಲಿ ಮಾತ್ರ ನಗು ನಿಧಾನವಾಗಿ ಹರಡಿತು. ಅಷ್ಟು ಸಂತೋಷವನ್ನು ನಾನು ಆ ಮುಖದಲ್ಲಿ ಕಂಡೇ ಇರಲಿಲ್ಲ. "ಹೌದು. ಹೌದು ಮಗು," ಎಂದರು. ಉಸಿರು ಎಳೆದುಕೊಂಡರು. "ನನಗೂ ಹಾಗೇ ಅನ್ನಿಸ್ತಿತ್ತು. ನೀನು ಹೇಳ್ತೀಯೋ ಇಲ್ಲವೋ ಅಂತ ಕಾಯ್ತಿದ್ದೆ."

"ಏನು ಹಾಕಲಿ ಅಲ್ಲಿ? ಹೇಳಿ, ಬರ್ಕೋತೀನಿ."

"ನನ್ನ ಕೈಲಿ ಆಗಲ್ಲ. ನೀನು ಬರಿ. ನೀನು ಬರೆದರೆ ಸರಿಯಾಗಿರುತ್ತೆ."

ಎರಡು ದಿನದ ಮೇಲೆ, ನಾನು ಮನೆಯಲ್ಲಿದ್ದಾಗ, ಹೋದರು.

ಮಣ್ಣು ಮಾಡುವ ಕೆಲಸವೆಲ್ಲ ಮುಗಿದ ಮೇಲೆ ತಮ್ಮನ ಮಗಳು ಮನೆಯ ಕೀ ನನ್ನ ಕೈಗೆ ಕೊಟ್ಟಳು. ಅವರ ಮೇಜಿನ ಮುಂದೆ ಒಬ್ಬಳೇ ಕೂತು ಆ ಪ್ಯಾರಾ ತೆಗೆದೆ. ಕಣ್ಣೀರು, ಖಾಲಿ ಹಾಸಿಗೆ, ಎಲ್ಲ ಅಳಿಸಿದೆ. ಒಂದು ವಾರ ಕೂತೆ. ಬರೆದದ್ದು ಒಂದೆರಡು ಸಾಲು. ಇದು ಸರಿಯೋ ಅಲ್ಲವೋ ಎಂದು ಹೇಳುವವರು ಇನ್ನು ಯಾರೂ ಇರಲಿಲ್ಲ. ನಾನೇ ಹೇಳಿಕೊಳ್ಳಬೇಕಾಗಿತ್ತು.

ಪುಸ್ತಕ ಬಂತು. ಓದಿದವರು ಎಷ್ಟು ಜನವೋ ತಿಳಿಯದು. ಆ ಪ್ಯಾರಾ ಬರೆದವಳು ಬೇರೆ ಎಂದು ಅದರಲ್ಲಿ ಎಲ್ಲೂ ಇಲ್ಲ, ಇರಬೇಕಾಗಿಯೂ ಇಲ್ಲ. ಇಲ್ಲಿ ಮಾತ್ರ ಕನ್ನಡದಲ್ಲಿ ಬರೆದಿಡುತ್ತೇನೆ:

ಈ ಸಲದ ಪಟ್ಟಿಯಲ್ಲಿ ಅಕ್ಕನ ಹೆಸರಿಲ್ಲ. ತಂಗಿ ಒಳಗೆ ಬಂದು, ಎಲ್ಲ ಸರಿಯಾಗಿದೆ ಎಂದಳು. ಬಿಷಪ್ ಮತ್ತೊಮ್ಮೆ ಕೇಳಿದನೆಂಬುದಕ್ಕೆ ದಾಖಲೆಯಿಲ್ಲ.